ಲ್ಯಾಬಿನಲ್ಲಿ ಬೆಳೆಸಿದ ಡಿಸ್ಕ್ ಬರುವ ತನಕ ಆಪರೇಷನ್ ಮುಂದೂಡಬಹುದಾ?

ತಿಪಟೂರು_ಕೊಬ್ಬರಿ

ನನ್ನ ತಮ್ಮನ ವಿಷಯ. ವಯಸ್ಸು 36, ಬೆಂಗಳೂರಿನಲ್ಲಿ ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತಾನೆ. ಯುಗಾದಿ ಆದಮೇಲೆ ಸೊಂಟ ಹಿಡಿದುಕೊಂಡಿತು. ಆಮೇಲೆ ನೋವು ಎಡಗಾಲಿಗೆ ಇಳಿಯಿತು, ಈಗ ಹೆಬ್ಬೆರಳಿನ ತನಕ ಜೋಮು. ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆಗಳ ನಡುವಿನ ಮೆತ್ತೆ) ಒಣಗಿದೆ, ಹೊರಗೆ ಚಾಚಿ ನರಕ್ಕೆ ತಾಗುತ್ತಿದೆ, ಸವೆತ ಗ್ರೇಡ್ 4 ಅಂತ ರಿಪೋರ್ಟ್ ಬಂದಿದೆ.

ಮೊದಲು ನೋಡಿದ ಡಾಕ್ಟರು ಮಾತ್ರೆ ಕೊಟ್ಟು, ಫಿಸಿಯೋ ಮಾಡಿಸಿ, ಕಡಿಮೆ ಆಗದಿದ್ದರೆ ಆಪರೇಷನ್ ಯೋಚಿಸೋಣ ಅಂದರು. ಇನ್ನೊಂದು ಕಡೆ (ಹೆಸರು ಬೇಡ) ಹೋದರೆ ಕತೆಯೇ ಬೇರೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿರುವ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಬೇರೆ ಮಾಡಿ, ಡಿಸ್ಕ್ ಒಳಗೆ ಚುಚ್ಚುತ್ತಾರಂತೆ. ಡಿಸ್ಕ್ ಮತ್ತೆ ಬೆಳೆಯುತ್ತದಂತೆ. ಕೇಳಿದ ದುಡ್ಡು ಲಕ್ಷಗಳ ಲೆಕ್ಕದಲ್ಲಿದೆ, ಈ ವಾರವೇ ಅಡ್ವಾನ್ಸ್ ಕಟ್ಟಿದರೆ ಸ್ವಲ್ಪ ಕಡಿಮೆ ಮಾಡುತ್ತಾರಂತೆ.

ಇದರ ಮಧ್ಯೆ ತಮ್ಮ ಯಾವುದೋ ವಿಡಿಯೋ ನೋಡಿದ್ದಾನೆ. ಅಮೆರಿಕದಲ್ಲಿ ಮೇಕೆಗಳಿಗೆ ಲ್ಯಾಬಿನಲ್ಲಿ ಬೆಳೆಸಿದ ಡಿಸ್ಕ್ ಕೂರಿಸಿದ್ದಾರೆ, ಇನ್ನೇನು ಮನುಷ್ಯರಿಗೂ ಬರುತ್ತದೆ, ಅಲ್ಲೀ ತನಕ ನೋವು ತಡೆದುಕೊಂಡು ಕಾಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಮೇಕೆ ಕತೆ ನಿಜಾನಾ? ನಿಜ ಆದರೆ ನಮಗೆ ಯಾವಾಗ ಬರಬಹುದು? ಆ ಕ್ಲಿನಿಕ್ಕಿನವರು ಮಾಡುವುದೂ ಅದೇನಾ, ಬೇರೆಯಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಗಾಬರಿಯಾಗಿದ್ದಾರೆ.

---

ಲ್ಯಾಬ್_ಇಲಿ

ನಾನು ಇದೇ ಕ್ಷೇತ್ರದ ಪಕ್ಕದಲ್ಲಿ ಇರುವವನು. ಮಂಡಿಯ ಮೃದು ಮೂಳೆಯ ಮೇಲೆ ಕೆಲಸ, ಡಿಸ್ಕ್ ಮೇಲೆ ಅಲ್ಲ. ಆದರೆ ಪೇಪರ್‌ಗಳನ್ನು ಓದುತ್ತಿರುತ್ತೇನೆ.

ಮೇಕೆ ಕತೆ ನಿಜ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಮೌಕ್, ಹಾರ್ವೆ ಸ್ಮಿತ್, ಸಾರಾ ಗಲ್‌ಬ್ರಾಂಡ್ ಅವರ ತಂಡ 2018ರಲ್ಲಿ ಪ್ರಕಟಿಸಿದ್ದು. ಮೊದಲು ಇಲಿಯ ಬಾಲದ ಡಿಸ್ಕ್ ತೆಗೆದು ಲ್ಯಾಬಿನಲ್ಲಿ ಬೆಳೆಸಿದ್ದನ್ನು ಕೂರಿಸಿ 20 ವಾರ ನೋಡಿದರು. ಆಮೇಲೆ ಮೇಕೆಯ ಕುತ್ತಿಗೆಯಲ್ಲಿ ಮಾಡಿ 8 ವಾರ ನೋಡಿದರು. ಮೇಕೆಯ ಕುತ್ತಿಗೆಯ ಡಿಸ್ಕ್ ಅಳತೆಯಲ್ಲಿ ಮನುಷ್ಯರ ಕುತ್ತಿಗೆಯ ಡಿಸ್ಕ್‌ಗೆ ಹತ್ತಿರ, ಅದಕ್ಕೇ ಮೇಕೆ. ಅದಕ್ಕೂ ಮೊದಲು, 2011ರಲ್ಲಿ, ಕಾರ್ನೆಲ್‌ನ ಲಾರೆನ್ಸ್ ಬೊನಾಸರ್ ಮತ್ತು ಸರ್ಜನ್ ರೋಜರ್ ಹಾರ್ಟ್ಲ್ ಅವರ ತಂಡ ಇಲಿ ಬಾಲದಲ್ಲಿ ಇಂಥದ್ದೇ ಮಾಡಿ 6 ತಿಂಗಳು ನೋಡಿತ್ತು. ಆಮೇಲೆ ಬೀಗಲ್ ನಾಯಿಗಳಲ್ಲೂ ಮಾಡಿದರು. ಅಲ್ಲಿ ಕೆಲವು ಡಿಸ್ಕ್‌ಗಳು ಇಟ್ಟ ಜಾಗದಿಂದ ಜಾರಿದವು.

ಈಗ ವಿಡಿಯೋದಲ್ಲಿ ಹೇಳದ ಭಾಗ. ಎಂಟು ವಾರ ಅಂದರೆ ಎರಡು ತಿಂಗಳು. ಮೇಕೆಯ ಆ ಜಾಗಕ್ಕೆ ಪ್ಲೇಟ್ ಹಾಕಿ ಅಲುಗಾಡದಂತೆ ಹಿಡಿಸಿದ್ದರು. ಅದು ಆರೋಗ್ಯವಾಗಿದ್ದ ಮೇಕೆ, ಆರೋಗ್ಯವಾಗಿದ್ದ ಕುತ್ತಿಗೆ. ನಿಮ್ಮ ತಮ್ಮನದು ವರ್ಷಗಟ್ಟಲೆ ಸವೆದ ಸೊಂಟದ ಡಿಸ್ಕ್, ಮೇಲಿಂದ ಇಡೀ ದೇಹದ ಭಾರ, ಸುತ್ತ ಉರಿಯೂತ. ಎರಡಕ್ಕೂ ತುಂಬ ದೂರ ಇದೆ.

ಡಿಸ್ಕ್ ಹೇಗಿದೆ ಅಂತ ಸ್ವಲ್ಪ ಹೇಳಿದರೆ ಕಷ್ಟ ಎಲ್ಲಿದೆ ಅಂತ ಗೊತ್ತಾಗುತ್ತದೆ. ಹೋಳಿಗೆ ಅಂದುಕೊಳ್ಳಿ. ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ಹೂರಣ. ಹೊರಗೆ ನಾರಿನ ಪದರಗಳ ಕಣಕ, ಒಂದು ಪದರದ ನಾರು ಒಂದು ಕಡೆಗೆ ಓರೆ, ಮುಂದಿನದು ಇನ್ನೊಂದು ಕಡೆಗೆ ಓರೆ. ಮೇಲೆ ಕೆಳಗೆ ಎರಡೂ ಕಡೆ ಮೂಳೆಗೆ ಅಂಟಿಕೊಂಡ ತೆಳುವಾದ ಮೃದು ಮೂಳೆಯ ತಟ್ಟೆ, ಎಂಡ್‌ಪ್ಲೇಟ್ ಅನ್ನುತ್ತಾರೆ. ಹೂರಣದಲ್ಲಿ ಅಗ್ರಿಕಾನ್ ಅನ್ನುವ ದೊಡ್ಡ ಅಣು ಇದೆ, ನೀರು ಹಿಡಿಯುವುದು ಅದೇ. ವಯಸ್ಸಾದಂತೆ ಅದು ಚೂರಾಗುತ್ತಾ ಹೋಗುತ್ತದೆ, ನೀರು ಕಡಿಮೆಯಾಗುತ್ತದೆ, ಎಂಆರ್‌ಐನಲ್ಲಿ ಬೆಳ್ಳಗೆ ಕಾಣಬೇಕಾದ ಡಿಸ್ಕ್ ಕಪ್ಪಗೆ ಕಾಣುತ್ತದೆ. ರಿಪೋರ್ಟಿನ ಗ್ರೇಡ್ 4 ಅಂದರೆ ಬಹುತೇಕ ಇದೇ.

ಪೆನ್ಸಿಲ್ವೇನಿಯಾದವರು ಕಣಕಕ್ಕೆ ಕೂದಲಿಗಿಂತ ತೆಳ್ಳಗಿನ ಪಾಲಿಮರ್ ನಾರು ನೂತು, ಓರೆ ಪದರ ಸುತ್ತಿದರು. ಹೂರಣಕ್ಕೆ ಜೆಲ್. ಎರಡಕ್ಕೂ ಜೀವಕೋಶ ಬಿತ್ತಿ ವಾರಗಟ್ಟಲೆ ಬೆಳೆಸಿದರು. ಮೊದಲ ಮಾದರಿಯಲ್ಲಿ ಎಂಡ್‌ಪ್ಲೇಟ್ ಇರಲಿಲ್ಲ. ಇಲಿಯೊಳಗೆ ಹೋದ ಮೇಲೆ ಅದು ಮೂಳೆಗೆ ಸರಿಯಾಗಿ ಬೆಸೆಯಲಿಲ್ಲ, ಲೋಳೆಯೂ ಸೋರಿತು. ಆಮೇಲೆ ರಂಧ್ರ ರಂಧ್ರವಾದ ಪಾಲಿಮರ್ ತಟ್ಟೆಗಳನ್ನು ಮೇಲೆ ಕೆಳಗೆ ಸೇರಿಸಿದರು, ಆಗ ಬೆಸೆಯಿತು. 2018ರ ಪೇಪರ್‌ನ ನಿಜವಾದ ಸುದ್ದಿ ನನ್ನ ಪ್ರಕಾರ ಇದು. ಮೇಕೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಅದನ್ನೇ ಹಾಕಿದರು.

---

ಫಿಸಿಯೋ_ಮೈಸೂರು

ಮೊದಲು ಮುಖ್ಯವಾದ್ದು. ತಮ್ಮನಿಗೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ತೊಡೆ ಸಂದಿಯ ಸುತ್ತ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು, ಎರಡೂ ಕಾಲಿನಲ್ಲಿ ಬಲ ಹೋಗುವುದು ಇವುಗಳಲ್ಲಿ ಯಾವುದಾದರೂ ಇದೆಯಾ? ಇದ್ದರೆ ಈ ಚರ್ಚೆ ಬಿಟ್ಟು ಇವತ್ತೇ ಎಮರ್ಜೆನ್ಸಿಗೆ ಹೋಗಿ. ಅಂಗಾಲು ಎತ್ತಲು ಆಗದೆ ಪಾದ ಎಳೆದುಕೊಂಡು ನಡೆಯುತ್ತಿದ್ದರೂ ಡಾಕ್ಟರಿಗೆ ಬೇಗ ತೋರಿಸಿ. ಬರೀ ನೋವು, ಜೋಮು ಅಂದರೆ ಸಮಯ ಇದೆ.

ಎರಡನೆಯದು, ರಿಪೋರ್ಟ್ ನೋಡಿ ಹೆದರಬೇಡಿ. ಸೊಂಟ ನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಮರ್ಶೆ ಬಂತು. ಡಿಸ್ಕ್ ಸವೆತ 20ರ ವಯಸ್ಸಿನವರಲ್ಲೇ 37 ಪರ್ಸೆಂಟ್, 80ರವರಲ್ಲಿ 96 ಪರ್ಸೆಂಟ್. ಇವರಿಗೆ ಯಾರಿಗೂ ನೋವಿಲ್ಲ ಅನ್ನುವುದು ನೆನಪಿರಲಿ. ಅಂದರೆ ಸವೆತ ಅನ್ನುವುದು ಬಹುಮಟ್ಟಿಗೆ ವಯಸ್ಸಿನ ಗುರುತು. ತಮ್ಮನ ಕಾಲು ನೋವು ನರ ಒತ್ತಿದ್ದರಿಂದ ಬಂದದ್ದು. ಅದು ಬೇರೆ ಸಮಸ್ಯೆ, ಅದಕ್ಕೆ ಡಿಸ್ಕ್ ಮತ್ತೆ ಹುಟ್ಟಬೇಕಾಗಿಲ್ಲ.

ಹೊರಗೆ ಬಂದ ತುಂಡು ಎಷ್ಟೋ ಸಲ ತಾನೇ ಕರಗುತ್ತದೆ. ತಮಾಷೆ ಏನೆಂದರೆ ಜಾಸ್ತಿ ಹೊರಗೆ ಬಂದಷ್ಟೂ ಕರಗುವ ಸಾಧ್ಯತೆ ಜಾಸ್ತಿ. ಪೂರ್ತಿ ಕಿತ್ತು ಬಂದ ತುಂಡು ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನರಲ್ಲಿ ಕುಗ್ಗಿದೆ, ಸುಮ್ನೆ ಉಬ್ಬಿದ್ದು ಮಾತ್ರ ಹಾಗೇ ಉಳಿಯುವುದೇ ಹೆಚ್ಚು. ಹೊರಗೆ ಬಂದದ್ದನ್ನು ದೇಹದ ರಕ್ಷಣಾ ಕೋಶಗಳು ಪರಕೀಯ ಅಂದುಕೊಂಡು ತಿಂದು ಹಾಕುತ್ತವೆ.

ಆಪರೇಷನ್ ಬಗ್ಗೆ ನೆದರ್‌ಲ್ಯಾಂಡ್ಸ್‌ನಲ್ಲಿ 283 ರೋಗಿಗಳ ಮೇಲೆ ಒಂದು ಅಧ್ಯಯನ ಆಗಿತ್ತು, 2007ರಲ್ಲಿ ಬಂತು. ಕಾಲು ನೋವಿನವರಿಗೆ ಬೇಗ ಆಪರೇಷನ್ ಮಾಡಿದರೆ ನೋವು ಬೇಗ ಇಳಿಯುತ್ತದೆ. ಆದರೆ ವರ್ಷ ಕಳೆದ ಮೇಲೆ ನೋಡಿದರೆ ಬೇಗ ಮಾಡಿಸಿಕೊಂಡವರೂ ಕಾದವರೂ ಹೆಚ್ಚುಕಡಿಮೆ ಒಂದೇ ಕಡೆ ಇದ್ದರು. ಕಾದವರಲ್ಲಿ 39 ಪರ್ಸೆಂಟ್ ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಕಾಯುವುದು ತಪ್ಪಲ್ಲ. ಆದರೆ ಲ್ಯಾಬ್ ಡಿಸ್ಕ್‌ಗೋಸ್ಕರ ಕಾಯುವುದು ಬೇರೆ, ನರ ತಣ್ಣಗಾಗಲಿ ಅಂತ ಕಾಯುವುದು ಬೇರೆ.

---

ಎಲ್5_ಎಸ್1

ಅಣ್ಣಾ, ಆಪರೇಷನ್ ಅಂದರೆ ಯಾವ ಆಪರೇಷನ್ ಅಂತ ಡಾಕ್ಟರ್ ಹತ್ತಿರ ಬಿಡಿಸಿ ಕೇಳಿ. ನರದ ಮೇಲೆ ಕೂತ ತುಂಡನ್ನಷ್ಟೇ ತೆಗೆಯುವುದು ಮೈಕ್ರೋಡಿಸೆಕ್ಟಮಿ. ಡಿಸ್ಕ್ ಪೂರ್ತಿ ತೆಗೆದು ಸ್ಕ್ರೂ, ರಾಡ್ ಹಾಕಿ ಎರಡು ಮೂಳೆ ಬೆಸೆಯುವುದು ಫ್ಯೂಷನ್. ಜನ ಎರಡನ್ನೂ "ಬೆನ್ನಿನ ಆಪರೇಷನ್" ಅಂದುಬಿಡುತ್ತಾರೆ, ನೆಂಟರು ಹೇಳುವ ಭಯಾನಕ ಕತೆಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿದ್ದು.

ನನಗೆ ಮಾಡಿದ್ದು ಮೊದಲನೆಯದು. ಕಾಲು ನೋವು ಹೋಯಿತು. ಸೊಂಟದ ಬಿಗಿ ಹೋಗಲಿಲ್ಲ, ಅದು ಹೋಗುತ್ತದೆ ಅಂತ ಸರ್ಜನ್ ಹೇಳಿಯೂ ಇರಲಿಲ್ಲ. ಡಿಸ್ಕ್ ಹಳೆಯದೇ ಅಲ್ವಾ.

---

ಮೇಷ್ಟ್ರು_ರಿಟೈರ್ಡ್

ನಮ್ಮ ಕಾಲದಲ್ಲಿ ಪರಂಗಿ ಹಣ್ಣಿನ ರಸದಿಂದ ಮಾಡಿದ ಇಂಜೆಕ್ಷನ್ ಬೆನ್ನಿಗೆ ಕೊಡುತ್ತಾರೆ ಅಂತ ಪೇಪರಿನಲ್ಲಿ ಓದಿದ ನೆನಪು. ಅದು ಏನಾಯಿತು? ಅದರಿಂದ ಡಿಸ್ಕ್ ಬೆಳೆಯುತ್ತಿತ್ತೇ?

---

ಲ್ಯಾಬ್_ಇಲಿ

ಮೇಷ್ಟ್ರೇ, ನಿಮ್ಮ ನೆನಪು ಸರಿ. ಕೈಮೋಪಪೇನ್ ಅನ್ನುವ ಪಪ್ಪಾಯಿಯ ಕಿಣ್ವ. ಆದರೆ ಅದು ಬೆಳೆಸುವುದಲ್ಲ, ಕರಗಿಸುವುದು! 1956ರಲ್ಲಿ ಲೂಯಿಸ್ ಥಾಮಸ್ ಅನ್ನುವ ಡಾಕ್ಟರು ಮೊಲಗಳಿಗೆ ಪಪ್ಪಾಯಿಯದೇ ಇನ್ನೊಂದು ಕಿಣ್ವ, ಪಪೇನ್, ಚುಚ್ಚಿದಾಗ ನೆಟ್ಟಗಿದ್ದ ಕಿವಿಗಳು ಜೋತು ಬಿದ್ದವು. ಕಿವಿಯ ಮೃದು ಮೂಳೆಯ ಒಳಗಿನ ಅಣುಗಳನ್ನು ಅದು ಕತ್ತರಿಸಿತ್ತು. ಹಾಗಾದರೆ ಡಿಸ್ಕ್‌ನ ಹೂರಣವನ್ನೂ ಕರಗಿಸಬಹುದು, ನರದ ಮೇಲಿನ ಒತ್ತಡ ಇಳಿಸಬಹುದು ಅಂತ ಲೈಮನ್ ಸ್ಮಿತ್ ಅನ್ನುವ ಸರ್ಜನ್ 1960ರ ದಶಕದಲ್ಲಿ ಕೈಮೋಪಪೇನನ್ನು ಮನುಷ್ಯರಿಗೆ ಕೊಟ್ಟರು. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ತೀವ್ರ ಅಲರ್ಜಿ, ಅಪರೂಪಕ್ಕೆ ಬೆನ್ನುಹುರಿಗೆ ಪೆಟ್ಟು ಆಯಿತು. 2003ರ ಹೊತ್ತಿಗೆ ಅಲ್ಲಿ ಮಾರಾಟ ನಿಂತಿತು. ಜಪಾನ್‌ನಲ್ಲಿ ಬೇರೆ ಕಿಣ್ವ, ಕಾಂಡೋಲೈಸ್, 2018ರಲ್ಲಿ ಒಪ್ಪಿಗೆ ಪಡೆಯಿತು. ಉದ್ದೇಶ ಅದೇ.

---

ಕಾರವಾರ_ಕಡಲು

ಎಲ್ಲರೂ ಸ್ಟೆಮ್ ಸೆಲ್ ಅಂದರೆ ಮೋಸ ಅನ್ನುವ ಥರ ಮಾತಾಡುತ್ತಿದ್ದೀರಿ. ನಮ್ಮ ಸೋದರಮಾವ ಹೊರ ರಾಜ್ಯದ ಒಂದು ಕಡೆ ಮಾಡಿಸಿಕೊಂಡು ಬಂದರು. ಮೊದಲು ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ, ಈಗ ತೋಟದ ಕೆಲಸ ಮಾಡುತ್ತಾರೆ. ಅವರದೇ ಕೋಶ, ಅವರದೇ ದೇಹ, ಸೈಡ್ ಎಫೆಕ್ಟ್ ಇಲ್ಲ. ಕೆಲಸ ಮಾಡಿದ್ದನ್ನು ಮಾಡಿಲ್ಲ ಅಂತ ಹೇಗೆ ಹೇಳುತ್ತೀರಿ? ಎಲ್ಲದಕ್ಕೂ ಅಮೆರಿಕದ ಪೇಪರೇ ಬೇಕಾ?

---

ಟ್ರಯಲ್_ಡೆಸ್ಕ್

ಮಾವ ಚೆನ್ನಾಗಿರುವುದು ಸಂತೋಷ. ಆದರೆ ಇಂಜೆಕ್ಷನ್ ಇಲ್ಲದೆಯೂ ಅವರು ಏಳುತ್ತಿದ್ದರಾ ಅನ್ನುವುದು ಒಬ್ಬರನ್ನು ನೋಡಿ ಗೊತ್ತಾಗುವುದಿಲ್ಲ. ಮೇಲೆ ಫಿಸಿಯೋ ಮೇಡಂ ಹೇಳಿದಂತೆ ಬಹಳ ಜನ ತಾವೇ ಸುಧಾರಿಸುತ್ತಾರೆ. ಅದಕ್ಕೇ ಟ್ರಯಲ್‌ನಲ್ಲಿ ಒಂದು ಗುಂಪಿಗೆ ಬರೀ ಉಪ್ಪುನೀರು ಚುಚ್ಚುತ್ತಾರೆ.

ನಾನು ಬೆಂಗಳೂರಿನಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ಕಾಗದಪತ್ರದ ಕೆಲಸದಲ್ಲಿದ್ದೇನೆ. ಡಿಸ್ಕ್‌ಗೆ ಸ್ಟೆಮ್ ಸೆಲ್ ಹಾಕಿ ನೋಡಿದ ದೊಡ್ಡ ಪ್ರಯೋಗ ಆಸ್ಟ್ರೇಲಿಯಾದ ಮೆಸೋಬ್ಲಾಸ್ಟ್ ಕಂಪನಿಯದು. 404 ಜನ, ಮೂರು ಗುಂಪು. ಒಂದಕ್ಕೆ 60 ಲಕ್ಷ ಕೋಶ, ಇನ್ನೊಂದಕ್ಕೆ ಅಷ್ಟೇ ಕೋಶದ ಜೊತೆ ಹೈಲುರಾನಿಕ್ ಆಸಿಡ್ ಅನ್ನುವ ಲೋಳೆ, ಮೂರನೆಯದಕ್ಕೆ ಉಪ್ಪುನೀರು. 2021ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು. ನೋವೂ ಇಳಿಯಬೇಕು, ಓಡಾಟವೂ ಸುಧಾರಿಸಬೇಕು ಅಂತ ಮೊದಲೇ ಇಟ್ಟುಕೊಂಡಿದ್ದ ಮುಖ್ಯ ಗುರಿ ತಲುಪಲಿಲ್ಲ. ನೋವನ್ನಷ್ಟೇ ಬೇರೆಯಾಗಿ ನೋಡಿದಾಗ ಎರಡನೇ ಗುಂಪಿನಲ್ಲಿ ಉಪ್ಪುನೀರಿಗಿಂತ ಚೆನ್ನಾಗಿತ್ತು. ಹಾಗಾಗಿ ಈಗ ನೋವನ್ನೇ ಮುಖ್ಯ ಗುರಿ ಮಾಡಿಕೊಂಡು ಇನ್ನೊಂದು ದೊಡ್ಡ ಟ್ರಯಲ್ 2024ರಲ್ಲಿ ಶುರು ಮಾಡಿದ್ದಾರೆ. ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಷ್ಟು ದುಡ್ಡು, ಅಷ್ಟು ಜನ, ಅಳೆದು ತೂಗಿದ ಕೋಶ ಇಟ್ಟುಕೊಂಡೂ ಇನ್ನೂ ಖಚಿತವಾಗಿಲ್ಲದ್ದನ್ನು ಬೀದಿ ಬದಿಯ ಕ್ಲಿನಿಕ್ ಖಚಿತ ಅನ್ನುತ್ತಿದೆ, ನನ್ನ ತಕರಾರು ಅದು.

ಇನ್ನು ನಮ್ಮ ದೇಶದ ನಿಯಮ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಸ್ಟೆಮ್ ಸೆಲ್ ಅನ್ನು ಟ್ರಯಲ್ ಒಳಗೆ ಮಾತ್ರ ಕೊಡಬೇಕು. ಟ್ರಯಲ್ ಅಂದರೆ ರೋಗಿ ಹತ್ತಿರ ದುಡ್ಡು ತೆಗೆದುಕೊಳ್ಳುವಂತಿಲ್ಲ. "ನಿಮ್ಮದೇ ಕೋಶ" ಅಂದ ಮಾತ್ರಕ್ಕೆ ನಿಯಮ ತಪ್ಪುವುದಿಲ್ಲ. ಟ್ರಯಲ್ ಆಗಿದ್ದರೆ ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿಯಲ್ಲಿ ನಂಬರ್ ಇರಲೇಬೇಕು, ಆ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಕ್ಲಿನಿಕ್ಕಿಗೆ ಫೋನ್ ಮಾಡಿ ಸಿಟಿಆರ್‌ಐ ನಂಬರ್ ಕೊಡಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ತೋರಿಸಿ ಅಂತ ಕೇಳಿ.

ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಕ್ಲಿನಿಕ್ಕಿನವರು ಇದನ್ನು ಹೇಳಿಯೇ ಹೇಳುತ್ತಾರೆ. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ತಯಾರಿಸಿದ ಸ್ಟೆಮ್ ಸೆಲ್ ಔಷಧಕ್ಕೆ ಔಷಧ ನಿಯಂತ್ರಕರ ಒಪ್ಪಿಗೆ ಇದೆ. ಮೊದಲು ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಗೆ, ಆಮೇಲೆ ಮಂಡಿ ಸವೆತಕ್ಕೆ. ಡಿಸ್ಕ್‌ಗೆ ಅಲ್ಲ. ಮಂಡಿಯ ಒಪ್ಪಿಗೆ ತೋರಿಸಿ ಬೆನ್ನಿಗೆ ಚುಚ್ಚುವುದು ಆಗಬಾರದು.

---

ತಿಪಟೂರು_ಕೊಬ್ಬರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂತ್ರದ ತೊಂದರೆ ಇಲ್ಲ, ಪಾದ ಎತ್ತುತ್ತಾನೆ. ಕ್ಲಿನಿಕ್ಕಿಗೆ ನಾಳೆ ಫೋನ್ ಮಾಡಿ ನಂಬರ್ ಕೇಳುತ್ತೇನೆ.

ಲ್ಯಾಬ್_ಇಲಿ ಸರ್, ಒಂದು ಅನುಮಾನ. ಮಂಡಿಗೆ ಕೋಶ ಹಾಕಿದರೆ ಔಷಧ ಅಂತ ಒಪ್ಪಿದ್ದಾರೆ, ಡಿಸ್ಕ್‌ಗೆ ಯಾಕೆ ಇಷ್ಟು ಕಷ್ಟ? ಎರಡೂ ಮೃದು ಮೂಳೆಯ ಥರವೇ ಅಲ್ವಾ? ಇನ್ನೊಂದು, ತಮ್ಮ ಎಲ್ಲದಕ್ಕೂ ಗಾಡಿ ಓಡಿಸಿದ್ದೇ ಕಾರಣ ಅನ್ನುತ್ತಾನೆ. ಕೆಲಸ ಬಿಡಬೇಕಾ? ಮನೆ ಸಾಲ ಇದೆ.

---

ಲ್ಯಾಬ್_ಇಲಿ

ಒಳ್ಳೆ ಪ್ರಶ್ನೆ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ.

ಡಿಸ್ಕ್ ಒಳಗೆ ರಕ್ತನಾಳ ಇಲ್ಲ. ದೇಹದಲ್ಲಿ ರಕ್ತನಾಳ ಇಲ್ಲದ ಭಾಗಗಳಲ್ಲಿ ಇದೇ ದೊಡ್ಡದು. ಬೇರೆ ಕಡೆ ಕೋಶಗಳು ರಕ್ತನಾಳದಿಂದ ಒಂದು ಮಿಲಿಮೀಟರಿನ ಹತ್ತನೇ ಒಂದು, ಎರಡು ಭಾಗದ ದೂರದಲ್ಲಿರುತ್ತವೆ. ದೊಡ್ಡವರ ಸೊಂಟದ ಡಿಸ್ಕ್‌ನ ನಡುವಿನ ಕೋಶಕ್ಕೆ ಹತ್ತಿರದ ರಕ್ತನಾಳ 6ರಿಂದ 8 ಮಿಲಿಮೀಟರ್ ದೂರ. ಸಕ್ಕರೆ, ಆಮ್ಲಜನಕ ಎಲ್ಲ ಎಂಡ್‌ಪ್ಲೇಟ್ ಮೂಲಕ ನಿಧಾನವಾಗಿ ಇಂಗಿಕೊಂಡು ಬರಬೇಕು. ಎಷ್ಟು ನಿಧಾನ ಅಂದರೆ, ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಅವರ ತಂಡ ಸ್ಕ್ಯಾನ್ ಚಿತ್ರದಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವವನ್ನು ರಕ್ತಕ್ಕೆ ಕೊಟ್ಟು ಸಾಲಾಗಿ ಎಂಆರ್‌ಐ ಮಾಡುತ್ತಾ ಹೋದಾಗ ಅದು ಹೂರಣದ ಭಾಗಕ್ಕೆ ಚೆನ್ನಾಗಿ ತಲುಪಲು ಗಂಟೆಗಟ್ಟಲೆ ಬೇಕಾಯಿತು. ಎಂಡ್‌ಪ್ಲೇಟ್ ಹಾಳಾದ ಕಡೆ ಈ ಹರಿವೇ ಕೆಟ್ಟು ಹೋಗಿತ್ತು. 2004ರಲ್ಲಿ ಪ್ರಕಟವಾದ ಕೆಲಸ, ಅದಕ್ಕೆ ಬೆನ್ನುಮೂಳೆ ಸಂಶೋಧನೆಯ ದೊಡ್ಡ ಅಂತರರಾಷ್ಟ್ರೀಯ ಬಹುಮಾನವೂ ಬಂತು. ಕಾರವಾರದ ಅಣ್ಣ ಅಮೆರಿಕದ ಪೇಪರೇ ಬೇಕಾ ಅಂದರಲ್ಲ, ಇದು ಪಕ್ಕದ ಊರಿನದು.

ಈಗ ಯೋಚಿಸಿ. ಹೂರಣದಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು 40 ಲಕ್ಷ ಕೋಶ ಇರುತ್ತವೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ಜಾಗದ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲು ಅಷ್ಟೇ, ಉಳಿದದ್ದೆಲ್ಲ ನೀರು ಮತ್ತು ಆ ದೊಡ್ಡ ಅಣುಗಳು. ಇಷ್ಟು ವಿರಳವಾಗಿರುವುದಕ್ಕೆ ಕಾರಣವೇ ಊಟ ಸಾಲದಿರುವುದು. ಇದ್ದವಕ್ಕೇ ಸಾಲದ ಕಡೆ ನೀವು ಹೊರಗಿನಿಂದ ಇನ್ನೂ 60 ಲಕ್ಷ ಬಾಯಿ ತಂದು ಕೂರಿಸುತ್ತೀರಿ. ಒಳಗೆ ಲ್ಯಾಕ್ಟಿಕ್ ಆಸಿಡ್ ಬೇರೆ ತುಂಬಿಕೊಂಡಿರುತ್ತದೆ. ಮಜ್ಜೆಯಲ್ಲಿ ಹಾಯಾಗಿದ್ದ ಕೋಶ ಅಲ್ಲಿ ಎಷ್ಟು ದಿನ ಉಳಿಯುತ್ತದೆ? ಉಳಿದರೂ ಕಣಕ ಹರಿದಿದ್ದರೆ ಹೊಸ ಹೂರಣ ಎಲ್ಲಿ ನಿಲ್ಲುತ್ತದೆ? ಮಂಡಿಯಲ್ಲಿ ಕೋಶಗಳು ಕೀಲಿನ ದ್ರವದಲ್ಲಿ ಇರುತ್ತವೆ, ಒಳ್ಳೆಯ ಊಟದ ವ್ಯವಸ್ಥೆ ಇದೆ. ಅಲ್ಲಿಯೂ ಅವು ಹೊಸ ಮೃದು ಮೂಳೆ ಕಟ್ಟುವುದಕ್ಕಿಂತ ಉರಿಯೂತ ಇಳಿಸುವ ಕೆಲಸವನ್ನೇ ಜಾಸ್ತಿ ಮಾಡುತ್ತವೆ ಅನ್ನುವುದು ಈಗಿನ ತಿಳಿವಳಿಕೆ. ಮೆಸೋಬ್ಲಾಸ್ಟ್ ಟ್ರಯಲ್‌ನಲ್ಲಿ ನೋವು ಇಳಿದಿದ್ದರೆ ಅದಕ್ಕೂ ಇದೇ ವಿವರಣೆ ಹೊಂದುತ್ತದೆ. ಡಿಸ್ಕ್ ಬೆಳೆಯಿತು ಅಂತ ಅಲ್ಲ.

ಪೂರ್ತಿ ಡಿಸ್ಕ್ ಬದಲಾಯಿಸುವವರಿಗೂ ಈ ಊಟದ ಸಮಸ್ಯೆ ತಪ್ಪುವುದಿಲ್ಲ. ಲ್ಯಾಬಿನಲ್ಲಿ ಬೇಕಾದಷ್ಟು ಸಕ್ಕರೆ ಇರುವ ದ್ರವದಲ್ಲಿ ಬೆಳೆದದ್ದನ್ನು ಸೊಂಟದೊಳಗೆ ಇಟ್ಟ ಕೂಡಲೇ ಉಪವಾಸ ಶುರು. ಇಲಿ ಬಾಲದ ಡಿಸ್ಕ್ ಕೆಲವೇ ಮಿಲಿಮೀಟರ್, ಅಲ್ಲಿ ಇಂಗಿ ಬರುವುದು ಸುಲಭ. ಜೊತೆಗೆ ಇಲಿ, ಮೊಲಗಳ ಡಿಸ್ಕ್‌ನಲ್ಲಿ ಹೂರಣ ಕಟ್ಟುವ, ಭ್ರೂಣದ ಕಾಲದ ನೋಟೋಕಾರ್ಡ್ ಕೋಶಗಳು ದೊಡ್ಡವಾದ ಮೇಲೂ ಉಳಿದಿರುತ್ತವೆ. ಮನುಷ್ಯರಲ್ಲಿ ಅವು ಬಾಲ್ಯದಲ್ಲೇ ಹೆಚ್ಚುಕಡಿಮೆ ಹೋಗಿಬಿಡುತ್ತವೆ. ಹಾಗಾಗಿ ಇಲಿಯಲ್ಲಿ ಗೆದ್ದದ್ದೆಲ್ಲ ನಮ್ಮಲ್ಲಿ ಗೆಲ್ಲುವುದಿಲ್ಲ. (ನನ್ನ ಯೂಸರ್‌ನೇಮ್ ಇಟ್ಟುಕೊಂಡು ಇದನ್ನು ಹೇಳಲು ಸ್ವಲ್ಪ ಬೇಜಾರು.)

ಯಾವಾಗ ಬರುತ್ತದೆ ಅಂತ ಕೇಳಿದಿರಿ. ವರ್ಷ ಹೇಳುವವರನ್ನು ನಂಬಬೇಡಿ. ಮೊದಲು ಬರುವುದಿದ್ದರೂ ಕುತ್ತಿಗೆಗೆ ಬರುತ್ತದೆ, ಡಿಸ್ಕ್ ಚಿಕ್ಕದು, ಭಾರ ಕಡಿಮೆ. ಸೊಂಟದ್ದು ಆಮೇಲೆ. ತಮ್ಮನ ಈಗಿನ ನೋವಿಗೆ ಇದನ್ನು ಲೆಕ್ಕಕ್ಕೇ ಹಿಡಿಯಬೇಡಿ.

---

ಫಿಸಿಯೋ_ಮೈಸೂರು

ಡ್ರೈವಿಂಗ್ ಬಗ್ಗೆ ನಾನು ಹೇಳುತ್ತೇನೆ. ಫಿನ್‌ಲ್ಯಾಂಡಿನಲ್ಲಿ ಅವಳಿ ಗಂಡಸರ ಬೆನ್ನನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅದರಲ್ಲಿ ಒಂದು ಭಾಗ ನಿಮ್ಮ ತಮ್ಮನಿಗೇ ಮಾಡಿದಂತಿದೆ. ಒಂದೇ ರೂಪದ 45 ಅವಳಿ ಜೋಡಿಗಳು, ಜೋಡಿಯಲ್ಲಿ ಒಬ್ಬ ಜೀವನವಿಡೀ ಗಾಡಿ ಓಡಿಸುವ ಕೆಲಸದವನು, ಇನ್ನೊಬ್ಬ ಅಲ್ಲ. ಇಬ್ಬರ ಎಂಆರ್‌ಐ ಪಕ್ಕಪಕ್ಕ ಇಟ್ಟು ನೋಡಿದರೆ ಡಿಸ್ಕ್ ಸವೆತದಲ್ಲಿ ವ್ಯತ್ಯಾಸವೇ ಇರಲಿಲ್ಲ. 2002ರಲ್ಲಿ ಪ್ರಕಟವಾಯಿತು. ಒಟ್ಟಾರೆ ಆ ಅಧ್ಯಯನಗಳಲ್ಲಿ ಕೆಲಸಕ್ಕಿಂತ ಹುಟ್ಟಿನಿಂದ ಬಂದ ಗುಣದ ಪಾಲೇ ಜಾಸ್ತಿ ಕಂಡಿತು. ಕೆಲಸ ಬಿಡುವುದು ಬೇಡ. ನೋವು ಜೋರಾಗಿರುವಾಗ ಟ್ರಿಪ್ ಕಡಿಮೆ ಮಾಡಲಿ, ಏರ್‌ಪೋರ್ಟ್ ಕ್ಯೂನಲ್ಲಿ ಕಾಯುವಾಗ ಸೀಟ್ ಒರಗಿಸಿ ಮೊಬೈಲ್ ನೋಡುವ ಬದಲು ಇಳಿದು ನಡೆಯಲಿ.

ಸೂಟ್‌ಕೇಸ್ ಎತ್ತುವುದನ್ನು ಮಾತ್ರ ಗಮನಿಸಬೇಕು. ಜರ್ಮನಿಯಲ್ಲಿ ವಿಲ್ಕೆ ಅನ್ನುವವರ ತಂಡ ಒಬ್ಬ ಸ್ವಯಂಸೇವಕನ ಡಿಸ್ಕ್ ಒಳಗೇ ಸೆನ್ಸರ್ ಇಟ್ಟು ಒತ್ತಡ ಅಳೆದಿತ್ತು, 1999ರಲ್ಲಿ ಪ್ರಕಟವಾಯಿತು. ಮಲಗಿದಾಗ 0.1, ನಿಂತಾಗ 0.5 ಮೆಗಾಪಾಸ್ಕಲ್. ಬೆನ್ನು ಬಾಗಿಸಿ 20 ಕೆಜಿ ಎತ್ತಿದಾಗ 2.3! ಮಂಡಿ ಬಗ್ಗಿಸಿ ಎತ್ತಿದಾಗ 1.7. ಸದ್ಯಕ್ಕೆ ಪ್ಯಾಸೆಂಜರ್ ಲಗೇಜನ್ನು ಪ್ಯಾಸೆಂಜರೇ ಡಿಕ್ಕಿಗೆ ಇಡಲಿ ಅಂತ ನಯವಾಗಿ ಕೇಳಲಿ, ರೇಟಿಂಗ್ ಸ್ವಲ್ಪ ಇಳಿದರೆ ಇಳಿಯಲಿ.

ನೋವು ಇಳಿದ ಮೇಲೆ ನಡಿಗೆ ಹೆಚ್ಚಿಸಲಿ. ಆಸ್ಟ್ರೇಲಿಯಾದಲ್ಲಿ ಓಡುವವರ ಮತ್ತು ಓಡದವರ ಡಿಸ್ಕ್ ಹೋಲಿಸಿ 2017ರಲ್ಲಿ ಒಂದು ಅಧ್ಯಯನ ಬಂತು. ಓಡುವವರ ಡಿಸ್ಕ್‌ನಲ್ಲಿ ನೀರು ಜಾಸ್ತಿ ಇತ್ತು. ಓಡಿದ್ದರಿಂದಲೇ ಹಾಗಾಯಿತು ಅಂತ ಅದೊಂದರಿಂದ ಸಾಬೀತಾಗುವುದಿಲ್ಲ, ಆದರೂ ಬೆನ್ನು ನೋವು ಅಂದ ಕೂಡಲೇ ಬೆಲ್ಟ್ ಕಟ್ಟಿ ಮಂಚ ಹತ್ತುವವರಿಗೆ ನಾನು ಇದನ್ನೇ ಹೇಳುವುದು. ಸಿಗರೇಟ್ ಇದ್ದರೆ ಬಿಡಲಿ.

---

ಕಾರವಾರ_ಕಡಲು

ಸರಿ, ಕೊಯಮತ್ತೂರಿನ ವಿಷಯ ಒಪ್ಪಿದೆ. ಮಾವನಿಗೆ ಹೇಳುವುದಿಲ್ಲ, ಅವರು ಖುಷಿಯಾಗಿದ್ದಾರೆ, ಇರಲಿ. ಒಂದು ಪ್ರಶ್ನೆ. ಕಿಡ್ನಿ, ಕಣ್ಣು ಎಲ್ಲ ಸತ್ತವರಿಂದ ತೆಗೆದು ಹಾಕುತ್ತಾರೆ. ಡಿಸ್ಕ್ ಯಾಕೆ ಹಾಕುವುದಿಲ್ಲ? ಲ್ಯಾಬಿನಲ್ಲಿ ಬೆಳೆಸುವ ತಲೆನೋವೇ ಇರುವುದಿಲ್ಲವಲ್ಲ.

---

ತಿಪಟೂರು_ಕೊಬ್ಬರಿ

ಇದನ್ನೇ ತಮ್ಮನೂ ಕೇಳಿದ! ಅಂದ ಹಾಗೆ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಸಿಟಿಆರ್‌ಐ ನಂಬರ್ ಕೇಳಿದ್ದಕ್ಕೆ "ಅದು ಹೊಸ ಔಷಧಗಳಿಗೆ ಸರ್, ನಮ್ಮದು ನ್ಯಾಚುರಲ್" ಅಂದರು. ಅಡ್ವಾನ್ಸ್ ಕಟ್ಟುವುದಿಲ್ಲ ಅಂತ ಹೇಳಿಬಿಟ್ಟೆ. ಮೊದಲಿನ ಡಾಕ್ಟರ್ ಹತ್ತಿರವೇ ಹೋಗುತ್ತೇವೆ, ಎಲ್5_ಎಸ್1 ಅವರು ಹೇಳಿದಂತೆ ಯಾವ ಆಪರೇಷನ್ ಅಂತ ಕೇಳುತ್ತೇವೆ.

---

ಲ್ಯಾಬ್_ಇಲಿ

ದಾನಿಯ ಡಿಸ್ಕ್ ಹಾಕಿ ನೋಡಿದ್ದಾರೆ. ಚೀನಾದ ಡೈಕ್ ರುವಾನ್, ಹಾಂಗ್‌ಕಾಂಗ್‌ನ ಕೀತ್ ಲುಕ್ ಮತ್ತು ಜೊತೆಗಾರರು ಐದು ಜನರ ಕುತ್ತಿಗೆಗೆ ಕೂರಿಸಿದರು. ಅಪಘಾತದಲ್ಲಿ ಸತ್ತವರ ಡಿಸ್ಕ್ ಅನ್ನು ಎಂಡ್‌ಪ್ಲೇಟ್ ಸಮೇತ ತೆಗೆದು, ಹೆಪ್ಪುಗಟ್ಟಿಸಿ ಇಟ್ಟುಕೊಂಡು ಹಾಕಿದ್ದು. ಐದು ವರ್ಷ ಕಾದು ನೋಡಿ 2007ರಲ್ಲಿ ಬರೆದರು. ದೇಹ ತಿರಸ್ಕರಿಸಲಿಲ್ಲ, ತಿರಸ್ಕಾರ ತಡೆಯುವ ಮಾತ್ರೆಯೂ ಬೇಕಾಗಲಿಲ್ಲ. ರಕ್ತನಾಳ ಇಲ್ಲದ ಜಾಗ ಅಲ್ವಾ, ರಕ್ಷಣಾ ಕೋಶಗಳು ಒಳಗೆ ಹೋಗುವುದು ಕಷ್ಟ. ಊಟಕ್ಕೆ ತೊಂದರೆ ಕೊಟ್ಟದ್ದೇ ಇಲ್ಲಿ ಅನುಕೂಲ ಆಯಿತು. ಒಬ್ಬರನ್ನು ಬಿಟ್ಟು ಉಳಿದವರ ಕುತ್ತಿಗೆ ಆ ಜಾಗದಲ್ಲಿ ಆಡುತ್ತಲೂ ಇತ್ತು.

ಆದರೆ ಹಾಕಿದ ಡಿಸ್ಕ್‌ಗಳೂ ನಿಧಾನವಾಗಿ ಸವೆಯತೊಡಗಿದ್ದವು. ಅಳತೆಗೆ ಸರಿಹೊಂದುವ, ವಯಸ್ಸಿನಲ್ಲಿ ಚಿಕ್ಕವರ, ಒಳ್ಳೆಯ ಡಿಸ್ಕ್ ಸಿಗುವುದೂ ಸುಲಭ ಅಲ್ಲ. ವಯಸ್ಸಾದ ದಾನಿಯದು ಆದರೆ ಸವೆದದ್ದನ್ನು ತೆಗೆದು ಸವೆದದ್ದನ್ನೇ ಹಾಕಿದ ಹಾಗೆ. ಐದೇ ಜನರ ಫಲಿತಾಂಶವನ್ನು ಹಿಡಿದುಕೊಂಡು ಜಾಸ್ತಿ ಹೇಳುವುದಕ್ಕೂ ಆಗುವುದಿಲ್ಲ. ಆದರೂ ಮೂಳೆ, ಎಂಡ್‌ಪ್ಲೇಟ್ ಸಮೇತ ಕೂರಿಸಿದರೆ ಡಿಸ್ಕ್ ಬೆಸೆದುಕೊಂಡು ವರ್ಷಗಟ್ಟಲೆ ಉಳಿಯುತ್ತದೆ ಅಂತ ಅಲ್ಲಿ ಕಂಡಿತ್ತು. ಇದೇ ರಾಜಶೇಖರನ್ ಅವರ ತಂಡ ಹೊರಬಂದ ಡಿಸ್ಕ್‌ನ 181 ರೋಗಿಗಳನ್ನು ನೋಡಿ 2013ರಲ್ಲಿ ಹೇಳಿದ್ದೂ ಇದಕ್ಕೆ ತಾಳೆಯಾಗುತ್ತದೆ. ನೂರಕ್ಕೆ 65 ಜನರಲ್ಲಿ ಕಿತ್ತುಕೊಂಡಿದ್ದು ಹೊರಗಿನ ನಾರಿನ ನಡುಭಾಗ ಅಲ್ಲ, ಅದು ಎಂಡ್‌ಪ್ಲೇಟ್‌ಗೆ ಸೇರುವ ಸಂದಿ. ಅಲ್ಲಿ ಗಟ್ಟಿಯಾಗಿ ಬೆಸೆಯದ ಯಾವ ಡಿಸ್ಕ್ ಆದರೂ, ದಾನಿಯದಾಗಲಿ ಲ್ಯಾಬಿನದಾಗಲಿ, ಮೊದಲು ಬಿಡುವುದು ಅದೇ ಜಾಗದಲ್ಲಿ.